ಬಸಿದ ನೀರು

ಉಪ್ಪಿನ ಮಡಕೆಗೆ ಬೀಗ ಹಾಕಲು ಬರುವುದಿಲ್ಲ. ಅದಕ್ಕೇ ಮರಿಯಮ್ಮ ಮಡಕೆಯನ್ನೇ ಎತ್ತಿ ಮರದ ಪೆಟ್ಟಿಗೆಯೊಳಗಿಟ್ಟಳು, ಪೆಟ್ಟಿಗೆಗೆ ಬೀಗ ಜಡಿದಳು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೊಸೆ ಅಂಜನಮ್ಮ ಒಲೆಯ ಪಕ್ಕ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಊದಿಕೊಂಡ ಕಾಲುಗಳನ್ನು ಮುಂದಕ್ಕೆ ಚಾಚಿ, ತೊಡೆಯ ಮೇಲೆ ಮೊರವಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

“ಬೇಜಾರು ಮಾಡ್ಕೋಬೇಡ,” ಅಂದಳು ಮರಿಯಮ್ಮ. “ನೀನು ಕದಿಯೋಳಲ್ಲ ಅಂತ ನಂಗೊತ್ತು. ನಾಲಗೆ ಕದಿಯುತ್ತೆ. ಅದು ಯಾರ ಮನೆ ಸೊಸೇನೂ ಅಲ್ಲ.”

“ಪೆಟ್ಟಿಗೇಲಿ ಇಲಿ ಅವೆ ಅತ್ತೆ. ಅವುಕ್ಕೂ ಕಾಲು ಊದ್ಕೊಂಡಾವು.”

ಮರಿಯಮ್ಮ ನಗಲಿಲ್ಲ. ಎರಡು ದಿನ ಕಳೆದರೆ ಗುರುವಾರ. ಗುರುವಾರ ಅಂಜನಮ್ಮನ ರಕ್ತವನ್ನು ಮತ್ತೆ ಪರೀಕ್ಷೆ ಮಾಡುವವರಿದ್ದರು.

ಅದು ೧೯೬೪ನೇ ಇಸವಿಯ ಕೊನೆ, ಅವರೆಕಾಯಿಯ ಕಾಲ. ಹೊಸಕೆರೆಹಳ್ಳಿಯ ಕೆರೆಯ ಹಿಂದೆ ಅವರ ಹೊಲ. ಬಡಾವಣೆ ಮಾಡಲೆಂದು ಸರ್ಕಾರದವರು ಬಂದು ಹೊಲದ ನಾಲ್ಕು ಮೂಲೆಗೂ ಹಳದಿ ಬಳಿದ ಕಲ್ಲು ನೆಟ್ಟು ಹೋಗಿದ್ದರು. ಬರುವ ವರ್ಷ ಅಲ್ಲಿ ಅವರೆ ಬೆಳೆಯುವುದಿಲ್ಲ, ಸೈಟು ಬೆಳೆಯುತ್ತದೆ ಎಂದು ಮಾವ ಚಿಕ್ಕಬೈರಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹಾಗಾಗಿ ಆ ಸಲದ ಒಂದೊಂದು ಕಾಳಿಗೂ ಆ ಮನೆಯಲ್ಲಿ ಎಂದೂ ಇಲ್ಲದ ಬೆಲೆ ಬಂದಿತ್ತು.

ಅಂಜನಮ್ಮನಿಗೆ ಮೂವತ್ತೊಂದು ವರ್ಷ. ದಸರೆಯ ತನಕ ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ಜಯನಗರದ ಬೀದಿ ಬೀದಿ ತಿರುಗಿದವಳು. ಆಮೇಲೆ ಬೆಳಗ್ಗೆ ಎದ್ದರೆ ಮುಖ ಊದಿರುತ್ತಿತ್ತು, ಸಂಜೆಯಾದರೆ ಕಾಲು. ಜಯನಗರದಲ್ಲಿ ಹೊಸದಾಗಿ ತೆರೆದ ಒಂದು ಧರ್ಮಾಸ್ಪತ್ರೆಗೆ ಗಂಡ ಬೈರಣ್ಣ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದ. ಡಾಕ್ಟರ್ ಬದರಿನಾಥ ಪರೀಕ್ಷೆ ಮಾಡಿ, ಎರಡೂ ಮೂತ್ರಪಿಂಡಗಳು ಸುಕ್ಕುಗಟ್ಟಿವೆ, ರಕ್ತವನ್ನು ಶುದ್ಧ ಮಾಡುವ ಕೆಲಸ ಅರ್ಧಕ್ಕೆ ನಿಂತಿದೆ ಎಂದರು.

“ರಕ್ತ ತೊಳೆಯೋ ಮಿಷನ್ನು ನಮ್ಮಲ್ಲಿಲ್ಲ. ಮಾತ್ರೆ ಕೊಡ್ತೀನಿ, ಆದ್ರೆ ಅದು ಊರುಗೋಲು ಅಷ್ಟೆ. ನಿಜವಾದ ಔಷಧಿ ಊಟ. ಇದರಲ್ಲಿ ಬರೆದ ಹಾಗೆ ಊಟ ಮಾಡಿದ್ರೆ ಇನ್ನೂ ಎಷ್ಟೋ ವರ್ಷ ಇರಬಹುದು. ಇಲ್ಲ ಅಂದ್ರೆ ನನ್ನ ಕೇಳಬೇಡಿ.”

ಹಾಗೆಂದು ಒಂದು ಕಾಗದ ಕೊಟ್ಟರು. ಅದು ಇಂಗ್ಲಿಷಿನಲ್ಲಿತ್ತು. ಬೈರಣ್ಣ ಓದಿದ್ದು ಕನ್ನಡದ ನಾಲ್ಕನೇ ಕ್ಲಾಸು. ಔಷಧಿ ಕೊಡುವ ಕಿಟಕಿಯಲ್ಲಿ ಕಾಂಪೌಂಡರಿಗೆ ತೋರಿಸಿದಾಗ ಆತ ಒಂದೇ ಉಸಿರಿಗೆ ಹೇಳಿ ಮುಗಿಸಿದ: “ಉಪ್ಪು ಬಿಡಿ, ಬೇಳೆಕಾಳು ಬಿಡಿ, ಬಾಳೆಹಣ್ಣು ಎಳನೀರು ಮುಟ್ಟಬೇಡಿ, ರಾಗಿ ಬದಲು ಅಕ್ಕಿ, ತರಕಾರಿ ಸೊಪ್ಪು ಚೆನ್ನಾಗಿ ಬೇಯಿಸಿ ಬಸಿದು ತಿನ್ನಿ, ನೀರು ದಿನಕ್ಕೆ ನಾಲ್ಕೇ ಲೋಟ. ಮುಂದಿನವರು ಬನ್ರಿ.”

ಬೈರಣ್ಣ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡು, ದಾರಿಯುದ್ದಕ್ಕೂ ಸೈಕಲ್ಲು ತುಳಿಯುತ್ತಾ ಗುಣುಗುಟ್ಟಿಕೊಂಡು ಬಂದು ತಾಯಿಗೆ ಒಪ್ಪಿಸಿದ. ಒಂದು ಮಾತೂ ಬಿಡಲಿಲ್ಲ.

ಮರಿಯಮ್ಮನೂ ಒಂದು ಮಾತೂ ಮೀರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆಮೇಲೆ ಎಲ್ಲರೂ ಆ ಮನೆಯ ಹೆಂಗಸರನ್ನೇ ದೂರಿದರು. ರಾಗಿ ಮನೆಯಲ್ಲಿ ಅಕ್ಕಿ ಎಂದರೆ ಹಬ್ಬ. ಸೊಸೆಗೆ ಒಂದು ಪಾವು ಅಕ್ಕಿಯನ್ನು ಬೇರೆಯಾಗಿಯೇ ಬೇಯಿಸಿದಳು. “ನಮ್ಮನೇಲಿ ದಿನಾ ಹಬ್ಬ, ಒಬ್ಬಳಿಗೆ ಮಾತ್ರ,” ಎಂದು ಚಿಕ್ಕಬೈರಪ್ಪ ಮುದ್ದೆ ಮುರಿಯುತ್ತಾ ಅಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉಪ್ಪನ್ನು ಬಿಡಿಸಿದಳು. ಉಪ್ಪಿನಕಾಯಿ ಜಾಡಿಯನ್ನು ಪಕ್ಕದ ಮನೆಗೆ ಸಾಗಿಸಿದಳು. ನೀರನ್ನು ಲೋಟದಲ್ಲಿ ಎಣಿಸಿ ಕೊಟ್ಟಳು. ಸೊಪ್ಪು, ಕಾಳು ಎಲ್ಲವನ್ನೂ ಬೇಯಿಸಿ ಬಸಿದಳು.

ಬಸಿಯುವುದನ್ನು ಮರಿಯಮ್ಮನಿಗೆ ಯಾವ ಡಾಕ್ಟರೂ ಕಲಿಸಬೇಕಾಗಿರಲಿಲ್ಲ. ಆ ಕಡೆಯ ಒಲೆಗಳ ಮೇಲೆ ತಲೆತಲಾಂತರದಿಂದ ನಡೆಯುತ್ತಿರುವುದೇ ಅದು. ಅವರೆಕಾಳು, ದಂಟಿನ ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿಯುತ್ತಾರೆ. ಆ ನೀರಿಗೆ ಕಟ್ಟು ಎಂದು ಹೆಸರು. ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಗಂಡಸರು ಮೊದಲು ಕೂರುತ್ತಾರೆ. ಮುದ್ದೆಯ ಪಕ್ಕ ಪಲ್ಯ ಗುಡ್ಡೆಯಾಗಿ ಬೀಳುತ್ತದೆ. ಹೆಂಗಸರು ಕೂರುವ ಹೊತ್ತಿಗೆ ಪಾತ್ರೆಯ ತಳಕ್ಕೆ ಅಂಟಿದ ನಾಲ್ಕು ಎಲೆ, ಹತ್ತು ಕಾಳು. ಕಟ್ಟು ಮಾತ್ರ ಧಾರಾಳ. “ಸತ್ವ ಎಲ್ಲ ಕಟ್ಟಲ್ಲೇ ಐತೆ ಕಣೇ,” ಎಂದು ಮರಿಯಮ್ಮನಿಗೆ ಅವಳ ಅತ್ತೆ ಹೇಳಿದ್ದಳು. ಅವಳಿಗೆ ಅವಳ ಅತ್ತೆ. ಗಂಡಸರಿಗೆ ಯಾರೂ ಎಂದೂ ಈ ಮಾತು ಹೇಳಿದ್ದಿಲ್ಲ.

ಡಾಕ್ಟರು ಬೇಳೆಕಾಳು ಬೇಡ ಅಂದಿದ್ದರು. ಕಾಳು ಕೊಡಲಿಲ್ಲ. ಸೊಪ್ಪನ್ನು ಬಸಿಯಿರಿ ಅಂದಿದ್ದರು. ಬಸಿದರು. ಕಾಯಿಲೆಯವಳಿಗೆ ಕಾಳೂ ಇಲ್ಲ, ಉಪ್ಪೂ ಇಲ್ಲ, ಮುದ್ದೆಯೂ ಇಲ್ಲ, ಸತ್ವವಾದರೂ ಬೇಡವೇ? ಮರಿಯಮ್ಮ ಉಪ್ಪು ಬೀಳುವ ಮುಂಚೆಯೇ ಕಟ್ಟಿನಲ್ಲಿ ಎರಡು ಲೋಟ ತೆಗೆದು ಸೊಸೆಗೆಂದು ಮುಚ್ಚಿಡುತ್ತಿದ್ದಳು. ಅದರಲ್ಲಿ ಒಂದು ಲೋಟ ತನ್ನದೇ ಪಾಲಿನದು. ಅದನ್ನು ಯಾರಿಗೂ ಹೇಳಲಿಲ್ಲ.

ಅಂಜನಮ್ಮ ಎರಡು ಲೋಟವನ್ನೂ ಅನ್ನಕ್ಕೆ ಕಲಸಿ ಉಂಡಳು. ದಿನವೂ ಉಂಡಳು. ದಿನದಿಂದ ದಿನಕ್ಕೆ ಕಾಲು ಸೋತು ಹೋಗುತ್ತಿತ್ತು. ಬಾವಿಯ ಕಟ್ಟೆಯ ಎರಡು ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಯಿತು.

ಅಷ್ಟರಲ್ಲಿ ಬಾಯಿಯ ವಾಸನೆ ಶುರುವಾಯಿತು. ಒಂದು ಸಂಜೆ ಬೈರಣ್ಣ ಹತ್ತಿರ ಬಂದವನು ಮೂಗು ಸಿಂಡರಿಸಿದ.

“ಏನ್ ತಿಂದೆ?”

“ಅನ್ನ.”

“ಬಾಯಿ ತೆಗಿ.”

ತೆಗೆದಳು. ಅವನು ಬಗ್ಗಿ ಮೂಸಿದ. ಎಮ್ಮೆ ಕೊಳ್ಳುವಾಗ ಹಲ್ಲು ನೋಡುವಂತೆ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ.

“ಒಣಮೀನು ತಿಂದಿದ್ದೀಯ. ಉಪ್ಪು ಹಾಕಿ ಒಣಗಿಸಿದ ಮೀನು. ಕಮಟು ವಾಸನೆ ಬರ್ತಾ ಐತೆ.”

“ನಮ್ಮನೇಲಿ ಮೀನು ಬಂದು ಎಷ್ಟು ತಿಂಗಳಾಯ್ತು? ನೀವೇ ತಂದಿದ್ರೆ ನೀವೇ ಹೇಳಿ.”

“ತಿರುಗಿ ಮಾತಾಡ್ಬೇಡ. ಕೇರೀಲಿ ಹತ್ತು ಮನೆ ಅವೆ. ನಿನ್ನ ಕಂಡ್ರೆ ಅಯ್ಯೋ ಪಾಪ ಅನ್ನೋರೇ ಎಲ್ಲ.”

ಮಾರನೆಯ ದಿನದಿಂದ ಸಂಜೆಯ ತಪಾಸಣೆ ನಿತ್ಯದ ಕೆಲಸವಾಯಿತು. ಬಾಯಿ ತೆಗಿ, ಮುಚ್ಚು. ಅದೇ ವಾರ ಉಪ್ಪಿನ ಮಡಕೆ ಪೆಟ್ಟಿಗೆ ಸೇರಿತು.

ಗುರುವಾರ ಬಂತು. ರಕ್ತ ಕೊಟ್ಟು, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದರು. ಕಡೆಗೆ ಡಾಕ್ಟರು ಕರೆದಾಗ ಅವರ ಮುಂದೆ ಒಂದು ಚೀಟಿ ಇತ್ತು. ಅವರು ಅಂಜನಮ್ಮನನ್ನು ನೋಡದೆ ಬೈರಣ್ಣನಿಗೆ ಹೇಳಿದರು.

“ಪೊಟ್ಯಾಸಿಯಂ ಅಂತ ಒಂದಿದೆ. ಅದು ಉಪ್ಪಿನ ಅಣ್ಣ ಅಂತ ಇಟ್ಕೊಳ್ಳಿ. ರಕ್ತದಲ್ಲಿ ಐದರೊಳಗಿರಬೇಕು. ಹೋದ ಸಲ ಐದೂವರೆ ಇತ್ತು. ಇವತ್ತು ಆರೂ ಮುಕ್ಕಾಲು. ಏಳು ದಾಟಿದ್ರೆ ಗುಂಡಿಗೆ ತಾಳ ತಪ್ಪುತ್ತೆ. ನಿಂತೂ ಹೋಗುತ್ತೆ. ನಿಂತಲ್ಲೇ ಬಿದ್ದು ಹೋಗ್ತಾಳೆ, ಕೂಗೋಕೂ ಪುರಸೊತ್ತಿರಲ್ಲ. ಏನು ತಿಂತಿದಾಳೆ ಈಕೆ?”

“ನೀವು ಹೇಳಿದ್ದೇ ಸಾರ್.”

“ಸುಳ್ಳು. ನಾನು ಹೇಳಿದ್ದು ತಿಂದಿದ್ರೆ ಇದು ಏರಲ್ಲ. ನಿಮ್ಮ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೆ. ಆಸ್ಪತ್ರೆಯಿಂದ ಆಚೆ ಹೋದ ಕೂಡ್ಲೆ ಮರೀತೀರಿ. ಏನಮ್ಮ, ಬಾಳೆಹಣ್ಣು? ಎಳನೀರು?”

“ಇಲ್ಲ ಸ್ವಾಮಿ.”

“ಕದ್ದು ತಿಂತಾಳೆ ಸಾರ್,” ಅಂದ ಬೈರಣ್ಣ, ತಲೆ ತಗ್ಗಿಸಿಕೊಂಡು.

ಅಂಜನಮ್ಮ ಗಂಡನ ಕಡೆ ತಿರುಗಲಿಲ್ಲ. ಡಾಕ್ಟರ ಮೇಜಿನ ಮೇಲಿದ್ದ ಚೀಟಿಯನ್ನೇ ನೋಡಿದಳು. ಆರೂ ಮುಕ್ಕಾಲು, ಏಳು. ನಡುವೆ ಕಾಲು. ಸೊಪ್ಪಿನ ವ್ಯಾಪಾರದವಳಿಗೆ ಕಾಲು ಎಂದರೆ ಎಷ್ಟು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅವಳನ್ನು ಅಂದೇ ಆಸ್ಪತ್ರೆಗೆ ಸೇರಿಸಿಕೊಂಡರು. ಕೈಗೆ ಗ್ಲೂಕೋಸ್ ಬಾಟ್ಲಿ ಏರಿಸಿದರು. ಎರಡು ದಿನಕ್ಕೊಮ್ಮೆ ರಕ್ತ ತೆಗೆದರು. ಆರೂವರೆ. ಆರು. ಆರನೇ ದಿನ ಐದೂ ಕಾಲು. ಕಾಲಿಗೆ ಬಲ ಬಂತು. ವಾರ್ಡಿನಿಂದ ನಲ್ಲಿಯವರೆಗೆ ಗೋಡೆ ಹಿಡಿಯದೆ ನಡೆದಳು. ನೋಡಲು ಬಂದ ಬೈರಣ್ಣ ಬಾಗಿಲಲ್ಲೇ ನಿಂತು ಅಂದ:

“ನೋಡ್ದಾ? ಇಲ್ಲಿ ಕದಿಯೋಕೆ ಆಗಲ್ಲ. ಇಳೀತು.”

ಅವನು ಹೋದ ಮೇಲೆ ಅಂಜನಮ್ಮ ಬಹಳ ಹೊತ್ತು ಕೂತಿದ್ದಳು. ಇಲ್ಲಿ ಇಳಿದದ್ದು ನಿಜ. ಮನೆಯಲ್ಲಿ ಏರಿದ್ದೂ ನಿಜ. ಕದ್ದಿಲ್ಲವೆಂಬುದು ಅವಳೊಬ್ಬಳಿಗೇ ಗೊತ್ತಿದ್ದ ನಿಜ. ಮೂರೂ ನಿಜವಾದರೆ ನಾಲ್ಕನೆಯದು ಒಂದು ಇರಲೇಬೇಕು. ಇಲ್ಲಿಯೂ ಅನ್ನ, ಅಲ್ಲಿಯೂ ಅನ್ನ. ಇಲ್ಲಿಯೂ ಬಸಿದ ಸೊಪ್ಪು, ಅಲ್ಲಿಯೂ ಬಸಿದ ಸೊಪ್ಪು. ಅದನ್ನು ಹುಡುಕದೆ ಮನೆಗೆ ಹೋದರೆ ಮತ್ತೆ ಏರುತ್ತದೆ. ಈ ಸಲ ಏಳಕ್ಕೆ ಆ ಕಾಲೂ ಉಳಿದಿರುವುದಿಲ್ಲ.

ಮಾರನೇ ಬೆಳಗ್ಗೆ ಎದ್ದು ಆಸ್ಪತ್ರೆಯ ಹಿಂಭಾಗಕ್ಕೆ ಹೋದಳು. ಅಡುಗೆಮನೆಯ ಬಾಗಿಲು ತೆರೆದಿತ್ತು. ಶಾಂತವೀರಪ್ಪನೆಂಬ ಅಡುಗೆಯವನು ಹಬೆಯಾಡುವ ದೊಡ್ಡ ತಪ್ಪಲೆಯನ್ನು ಬಟ್ಟೆಯಲ್ಲಿ ಹಿಡಿದು, ತಟ್ಟೆ ಅಡ್ಡ ಕೊಟ್ಟು, ಬೆಂದ ಸೊಪ್ಪಿನ ನೀರನ್ನು ಹಿತ್ತಲಿನ ಮೋರಿಗೆ ಸುರಿಯುತ್ತಿದ್ದ. ಹಸಿರು ನೀರು ನೊರೆಯೆದ್ದು ಹರಿದುಹೋಗುತ್ತಿತ್ತು.

“ಅಣ್ಣಾ, ನಿಲ್ಲಿಸಿ. ಕಟ್ಟು ಚೆಲ್ತಾ ಇದ್ದೀರಲ್ಲ.”

ಅವನು ತಲೆಯೆತ್ತಿ ನೋಡಿದ. “ಯಾವ ಊರಕ್ಕ ನಿಮ್ದು?”

“ಹೊಸಕೆರೆಹಳ್ಳಿ.”

“ನಂದು ತುಮಕೂರಿನ ಹತ್ರ. ಅದಕ್ಕೇ ಇಬ್ರಿಗೂ ಹೊಟ್ಟೆ ಉರೀತದೆ. ನೋಡಿ, ಇಲ್ಲಿ ಸೇರಿದ ಮೊದಲನೇ ದಿನ ಇದೇ ನೀರಲ್ಲಿ ಸಾರು ಮಾಡಿ ನಿಮ್ಮಂಥ ಕಾಯಿಲೆಯವರಿಗೆ ಬಡಿಸಿದ್ದೆ. ನರ್ಸಮ್ಮ ಓಡಿ ಬಂದು ಹಿಗ್ಗಾಮುಗ್ಗಾ ಬೈದ್ರು. ‘ವಿಷ ಎಲ್ಲ ಆ ನೀರಿಗೆ ಇಳಿದಿರುತ್ತೆ ಕಣಯ್ಯ, ಅದು ಇಳೀಲಿ ಅಂತಾನೇ ಬೇಯಿಸೋದು, ನೀನು ಅದನ್ನೇ ಕುಡಿಸ್ತೀಯಲ್ಲ’ ಅಂತ. ಅವತ್ತಿಂದ ಮೋರಿಗೇ. ಏನಕ್ಕ, ಯಾಕೆ ಕೂತ್ಬಿಟ್ರಿ?”

ಅಂಜನಮ್ಮ ಹೊಸ್ತಿಲ ಮೇಲೆ ಕುಸಿದಿದ್ದಳು. ದಿನಕ್ಕೆ ಎರಡು ಲೋಟ. ಅತ್ತೆ ಉಪ್ಪು ಬೀಳುವ ಮುಂಚೆ ತೆಗೆದು, ಮೇಲೆ ತಟ್ಟೆ ಮುಚ್ಚಿ, ಬೆಕ್ಕು ಮುಟ್ಟದ ಹಾಗೆ ಎತ್ತರದಲ್ಲಿಟ್ಟು ಕೊಟ್ಟ ಎರಡು ಲೋಟ.

“ಕಾಳು ಬಸಿದ ನೀರೂ ಹಂಗೇನಾ ಅಣ್ಣ?”

“ಕಾಳಿಂದು ಇನ್ನೂ ಒಂದು ಕೈ ಜಾಸ್ತಿ ಅಂತೆ.” ಅವನು ತಪ್ಪಲೆ ಕೆಳಗಿಟ್ಟು ಅವಳ ಮುಖ ನೋಡಿದ. ಅವನಿಗೆ ಅರ್ಥವಾಯಿತು. “ಯಾರೂ ಹೇಳ್ಲಿಲ್ವಾ ನಿಮ್ಗೆ?”

“ನಿಮ್ಗೆ ಹೇಳಿದ್ರಲ್ಲ. ಸಾಕು.”

ಶಾಂತವೀರಪ್ಪ ಕೈ ಒರೆಸಿಕೊಂಡ. ಆಮೇಲೆ ಮಣೆ ಎಳೆದು ಕೊಟ್ಟು ಅವಳನ್ನು ಕೂರಿಸಿದ. “ಕೇಳಿ. ತರಕಾರೀನ ಸಣ್ಣಗೆ ಹೆಚ್ಚಿ ಮೊದಲು ನೀರಲ್ಲಿ ನೆನೆ ಹಾಕಿ, ಆ ನೀರು ಚೆಲ್ಲಿ. ಆಮೇಲೆ ಮಾಮೂಲಿಗಿಂತ ಎರಡರಷ್ಟು ನೀರಲ್ಲಿ ಬೇಯಿಸಿ ಬಸೀರಿ. ಹೀರೇಕಾಯಿ, ಸೋರೆಕಾಯಿ ಆದ್ರೆ ನಡೀತದೆ. ಸೊಪ್ಪು ಒಂದೇ ಹಿಡಿ, ಅದೂ ಬಸಿದಿದ್ದು. ಉಪ್ಪಿಲ್ಲ ಅಂತ ಅಳ್ತಾ ಕೂರಬೇಡಿ. ಜೀರಿಗೆ ಮೆಣಸು ಹುರಿದು ಕುಟ್ಟಿ ಇಟ್ಕೊಳ್ಳಿ, ಬೆಳ್ಳುಳ್ಳಿ ಕೆಂಪಗೆ ಒಗ್ಗರಣೆ ಕೊಡಿ, ಇಳಿಸೋವಾಗ ನಾಲ್ಕು ಹನಿ ನಿಂಬೆ. ನಿನ್ನೆ ಹೀರೇಕಾಯಿ ಹೇಗಿತ್ತು ಹೇಳಿ?”

“ಉಪ್ಪು ಹಾಕಿದ್ರೇನೋ ಅಂದ್ಕೊಂಡೆ.”

“ಅದೇ ಮೋಸ. ಅಷ್ಟು ಮೋಸ ನಾಲಗೆಗೆ ಮಾಡ್ಬಹುದು,” ಎಂದು ಅವನು ನಕ್ಕ.

ಅವಳು ನಗಲಿಲ್ಲ. ಎದ್ದು ನೇರ ಡಾಕ್ಟರ ಕೋಣೆಗೆ ಹೋದಳು. ಅಂದು ಅವಳನ್ನು ಮನೆಗೆ ಕಳಿಸುವ ದಿನ, ಬೈರಣ್ಣ ಆಗಲೇ ಬಂದು ಡಾಕ್ಟರ ಮುಂದೆ ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದ. ಡಾಕ್ಟರು ಇಂಗ್ಲಿಷಿನ ಇನ್ನೊಂದು ಕಾಗದಕ್ಕೆ ಸಹಿ ಹಾಕುತ್ತಿದ್ದರು. ಅದೇ ಪಟ್ಟಿ.

“ಸ್ವಾಮಿ, ಇದರಲ್ಲಿ ಬಸಿದ ನೀರು ಚೆಲ್ಲಿ ಅಂತ ಬರೆದೈತಾ?”

“ಬೇಯಿಸಿ ಬಸಿದು ತಿನ್ನಿ ಅಂತ ಬರೆದಿದೆ.”

“ನೀರು?”

“ನೀರು ಏನಮ್ಮ? ಬಸಿದ ಮೇಲೆ ಅದು ಚೆಲ್ಲೋದೇ ತಾನೆ.”

“ನಮ್ಮಲ್ಲಿ ಚೆಲ್ಲಲ್ಲ. ಅದು ಕಟ್ಟು. ಅದರಲ್ಲಿ ಸಾರು ಮಾಡ್ತೀವಿ. ಅತ್ತೆ ದಿನಾ ನನಗೆ ಎರಡು ಲೋಟ ಕೊಟ್ಟವ್ರೆ. ನೀವು ಬಸೀರಿ ಅಂದ್ರಿ, ಬಸಿದ್ವಿ. ಕಾಳು ಬೇಡ ಅಂದ್ರಿ, ಕಾಳಿನ ನೀರು ಕುಡಿದೆ. ನಾನು ಕದೀಲಿಲ್ಲ.”

ಡಾಕ್ಟರ ಪೆನ್ನು ನಿಂತಿತು.

“ದಿನಾನಾ?”

“ಎರಡು ತಿಂಗಳು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನೂ ಬಸ್ಸಾರು ತಿಂತೀನಿ,” ಅಂದರು, ಯಾರಿಗೋ ಎಂಬಂತೆ. “ನಮ್ಮಮ್ಮ ಚೆನ್ನಾಗಿ ಮಾಡ್ತಾರೆ. ಅದನ್ನ ಹೇಗೆ ಮಾಡ್ತಾರೆ ಅಂತ...”

“ನೀವು ತಿಂದಿದ್ದೀರ. ಮಾಡಿದ್ದು ನೋಡಿಲ್ಲ. ನಿಮ್ಮನೆಗೆ ದಂಟಿನ ಸೊಪ್ಪು ಹಾಕ್ತಿದ್ದೋಳು ನಾನೇ ಸ್ವಾಮಿ. ಮೂರನೇ ಬ್ಲಾಕು, ಹಸಿರು ಗೇಟು. ನಿಮ್ಮಮ್ಮನ್ನ ಕೇಳಿದ್ದರೆ ಹೇಳ್ತಿದ್ರು. ನಿಮ್ಮ ನರ್ಸಮ್ಮಂಗೆ ಗೊತ್ತಿತ್ತು, ನಿಮ್ಮ ಅಡುಗೆಯವರಿಗೆ ಗೊತ್ತಿತ್ತು. ಸಾಯೋಳಿಗೆ ಮಾತ್ರ ಯಾರೂ ಹೇಳಲಿಲ್ಲ. ಸುಳ್ಳು ಅಂದ್ರಿ. ನಿಮ್ಮ ಜನ ಅಂದ್ರಿ.”

ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಡಾಕ್ಟರಿಗೆ ಗದರಿಸಲು ದಾರಿ ಸಿಗುತ್ತಿತ್ತು. ಅವರು ಪಟ್ಟಿಯನ್ನು ತಿರುಗಿಸಿ, ಹಿಂದಿನ ಖಾಲಿ ಪುಟದಲ್ಲಿ ಕನ್ನಡದಲ್ಲಿ ಬರೆಯತೊಡಗಿದರು. ಅಕ್ಷರ ರೂಢಿ ತಪ್ಪಿದವರಂತೆ ನಿಧಾನವಾಗಿ ಬರೆದರು. ಒಂದೊಂದು ಸಾಲಿಗೂ ತಲೆಯೆತ್ತಿ ಅವಳನ್ನು ಕೇಳಿದರು: ಇದನ್ನ ನಿಮ್ಮಲ್ಲಿ ಏನಂತೀರಿ, ಇದನ್ನ ಹೇಗೆ ಮಾಡ್ತೀರಿ. ಒಂದು ಕಾಗದ ತುಂಬಲು ಅರ್ಧ ಗಂಟೆ ಹಿಡಿಯಿತು. ಮೊದಲೇ ಆ ಅರ್ಧ ಗಂಟೆ ಅವರ ಹತ್ತಿರ ಇರಲಿಲ್ಲವೆಂದಲ್ಲ. ಅವಳ ಹತ್ತಿರ ಕೇಳುವಂಥದ್ದೊಂದು ಇದೆ ಎಂದು ಅವರಿಗೆ ತೋಚಿರಲಿಲ್ಲ.

“ಇನ್ನೊಂದು ಸ್ವಾಮಿ. ನನ್ನ ಬಾಯಿ ವಾಸನೆ ಬರುತ್ತೆ. ಒಣಮೀನಿನ ಥರ.”

“ಅದು ಮೀನಿಂದಲ್ಲಮ್ಮ. ಮೂತ್ರದಲ್ಲಿ ಹೋಗಬೇಕಾದ್ದು ರಕ್ತದಲ್ಲಿ ನಿಂತಾಗ ಉಸಿರಲ್ಲಿ ಬರುತ್ತೆ. ಕಾಯಿಲೆ ವಾಸನೆ ಅದು.”

ಬೈರಣ್ಣನ ಕೈಯಲ್ಲಿದ್ದ ಟವೆಲ್ಲು ಹಗ್ಗದಂತೆ ಹುರಿಗೊಂಡಿತ್ತು. ಹಿಂದಿರುಗುವಾಗ ಸೈಕಲ್ಲನ್ನು ಅವನು ತುಳಿಯಲಿಲ್ಲ. ಅವಳನ್ನು ಹಿಂದೆ ಕೂರಿಸಿ, ಬನಶಂಕರಿಯ ಕಡೆಯ ಮಣ್ಣಿನ ದಾರಿಯುದ್ದಕ್ಕೂ ತಳ್ಳಿಕೊಂಡೇ ಬಂದ.

ಮನೆಯ ಬಾಗಿಲಿಗೆ ಬರುವಾಗಲೇ ಅವರೆಯ ಸೊಗಡು ಮೂಗಿಗೆ ಬಂತು. ಸೊಸೆ ಬರುತ್ತಾಳೆಂದು ಮರಿಯಮ್ಮ ಹೊಲದ ಕಡೇ ಬಿಡಿಸಿನ ಕಾಳಿಗೆ ದಂಟಿನ ಸೊಪ್ಪು ಸೇರಿಸಿ ಬೇಯಿಸಿದ್ದಳು. ನಡುಮನೆಯಲ್ಲಿ ಚಿಕ್ಕಬೈರಪ್ಪ ಕೈ ತೊಳೆದು ಗಂಗಳದ ಮುಂದೆ ಕೂತಿದ್ದ. ಮಗನ ಗಂಗಳವೂ ಪಕ್ಕದಲ್ಲಿ ಕಾದಿತ್ತು. ಒಲೆಯ ಮೇಲಿನ ಹಲಗೆಯಲ್ಲಿ, ಬೆಕ್ಕಿಗೆ ಎಟುಕದಲ್ಲಿ, ತಟ್ಟೆ ಮುಚ್ಚಿದ ಎರಡು ಲೋಟ.

ಅಂಜನಮ್ಮ ಒಳಗೆ ಹೋಗಿ ಅವುಗಳನ್ನು ಕೆಳಗಿಳಿಸಿದಳು.

“ಮೊದ್ಲು ಉಣ್ಣು. ಸುಣ್ಣ ಬಳಿದಂಗೆ ಆಗಿದ್ದೀಯ,” ಅಂದಳು ಮರಿಯಮ್ಮ.

“ಅತ್ತೆ, ಇದೇ ಅಂತೆ.”

“ಏನು ಇದೇ?”

ಅಂಜನಮ್ಮ ಹೇಳಿದಳು. ಮೋರಿಯ ವಿಷಯ, ನರ್ಸಿನ ಮಾತು, ಎರಡು ಲೋಟದ ಲೆಕ್ಕ. ಮರಿಯಮ್ಮ ಮೊದಲು ನಕ್ಕಳು. ಆಮೇಲೆ ಸಿಟ್ಟಾದಳು. “ನಾನು ಕಟ್ಟು ಕುಡಿದು ಐದು ಹೆತ್ತಿದ್ದೀನಿ. ನಮ್ಮತ್ತೆ ಕಟ್ಟು ಕುಡಿದೇ ಎಂಬತ್ತು ದಾಟಿದ್ಳು. ವಿಷ ಅಂತೆ.” ಅಷ್ಟು ಹೇಳಿ ಲೋಟದ ಕಡೆ ನೋಡಿದಳು. ನೋಡುತ್ತಲೇ ಉಳಿದಳು. “ಮಗಾ,” ಎಂದು ಹೊರಗೆ ಕೂಗಿದಳು, “ನಿಜವೇನೋ?”

ಬೈರಣ್ಣ ನಡುಮನೆಯ ಕಂಬಕ್ಕೆ ಒರಗಿ ಕಾಗದ ಬಿಡಿಸಿದ. ನಾಲ್ಕನೇ ಕ್ಲಾಸಿನ ಓದು, ಬೆರಳಿಟ್ಟು ಓದಿದ. “ಸೊಪ್ಪು, ತರಕಾರಿ, ಕಾಳು ಬಸಿದ ಕಟ್ಟನ್ನು ಈಕೆ ಕುಡಿಯಕೂಡದು. ಬಸಿದ ಸೊಪ್ಪು ಒಂದು ಹಿಡಿ, ಅನ್ನದ ಜೊತೆ. ಇದು ತಪ್ಪಿದರೆ ಜೀವಕ್ಕೆ ಅಪಾಯ.” ಸ್ವಲ್ಪ ತಡೆದು ಕಾಗದದಲ್ಲಿ ಇಲ್ಲದ್ದನ್ನೂ ಓದುವಂತೆಯೇ ಹೇಳಿದ: “ಆ ವಾಸನೆ ಕಾಯಿಲೇದು. ಮೀನಿಂದಲ್ಲ.”

ಮರಿಯಮ್ಮ ನೆಲಕ್ಕೆ ಕೂತಳು. “ನನ್ ಪಾಲೂ ನಿನಗೇ ಹಾಕ್ದೆ ಕಣೇ,” ಅಂದಳು. “ನನ್ ಪಾಲೂ ಸೇರ್ಸಿ.”

“ನೀವು ಪ್ರೀತಿಗೆ ಹಾಕಿದ್ರಿ.”

“ಕಡೇ ಬೆಳೆ,” ಎಂದು ನಡುಮನೆಯಿಂದ ಚಿಕ್ಕಬೈರಪ್ಪನ ದನಿ ಬಂತು. “ಕಡೇ ಬೆಳೆ ಕಟ್ಟನ್ನ ಚೆಲ್ಲು ಅಂತ ಬರ್ಕೊಟ್ಟವ್ರಾ ಡಾಕ್ಟ್ರು? ಹೊಲಾನೂ ಪ್ಯಾಟೆಯೋರೇ ತಗೊಂಡ್ರು, ಇನ್ನ ಒಲೇನೂ ತಗೊಳ್ಳಿ.”

ಅಂಜನಮ್ಮ ನಡುಮನೆಗೆ ಬಂದು ನಿಂತಳು. ಮಾವನ ಎದುರಿಗೆ ಅವಳು ಹೀಗೆ ನಿಂತದ್ದಿಲ್ಲ.

“ಚೆಲ್ಲೋದು ಬೇಡ ಮಾವ. ನಿಮಗೆ ಗುಂಡಿಗೆ ಗಟ್ಟಿ ಐತೆ, ಕಟ್ಟು ನೀವು ಉಣ್ಣಿ. ನನಗೆ ಸೊಪ್ಪು ಬಿಡಿ. ಒಂದು ಹಿಡಿ.”

“ಬಿಡ್ತೀವಿ ತಗೋ. ನಾವು ಉಂಡಾದ್ಮೇಲೆ ಮಿಕ್ಕಿದ್ದು ನಿಂದೇ ಅಲ್ವಾ.”

“ಇವತ್ತಿನ ತನಕ ಮಿಕ್ಕಿದ್ದನ್ನೇ ಉಂಡಿದ್ದು. ಮಿಕ್ಕಿದ್ದರಿಂದಾನೇ ಆರೂ ಮುಕ್ಕಾಲಾಯ್ತು. ನನಗೆ ಮೊದಲು ಬಡಿಸ್ಬೇಕು.”

ಹೊರಗೆ ಕೋಳಿ ಕೆದಕುವ ಸದ್ದು. ಒಂದು ಹಿಡಿ ಸೊಪ್ಪು. ಬಜಾರಿನಲ್ಲಿ ಕೊಸರು ಹಾಕಿಸಿಕೊಳ್ಳುವಷ್ಟು. ಅದಕ್ಕಾಗಿ ಆ ಮನೆಯ ಗೋಡೆಗಳೇ ಉಸಿರು ಬಿಗಿಹಿಡಿದಂತೆ ನಿಂತವು. ಏಕೆಂದರೆ ಕೇಳಿದ್ದು ಸೊಪ್ಪಲ್ಲ, ಸರದಿ. ಆ ಮನೆಯಲ್ಲಿ ಸರದಿಯನ್ನು ಇದುವರೆಗೆ ಯಾವ ಹೆಂಗಸೂ ಕೇಳಿರಲಿಲ್ಲ. ಸತ್ತವರನ್ನೂ ಸೇರಿಸಿ.

“ಗಂಡಸ್ರಿಗಿಂತ ಮುಂಚೆ ಉಣ್ತಾಳಂತೆ,” ಎಂದು ಚಿಕ್ಕಬೈರಪ್ಪ ಮಗನಿಗೆ ಹೇಳಿದ. “ಕೇಳ್ದಾ? ನಿನ್ ಹೆಂಡ್ತಿ.”

ಬೈರಣ್ಣ ತಂದೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನ ಬಾಯಿಂದ ಯಾವ ಕಡೆಯ ಮಾತೂ ಹೊರಡಲಿಲ್ಲ. ಅವನಿಂದ ಅಷ್ಟೇ ಸಾಧ್ಯವಾಗಿತ್ತು. ಅಂದು ಅಷ್ಟು ಸಾಕಾಯಿತು.

ಎದ್ದವಳು ಮರಿಯಮ್ಮ. ಮೊಣಕಾಲಿಗೆ ಕೈ ಕೊಟ್ಟು ಎದ್ದು, ಮೂಲೆಯಲ್ಲಿದ್ದ ಮಣೆಯನ್ನು ಎಳೆದು ನಡುಮನೆಯಲ್ಲಿ, ಗಂಡಸರ ಗಂಗಳಗಳ ಸಾಲಿನಲ್ಲೇ ಹಾಕಿದಳು. ಅದರ ಮುಂದೆ ತನ್ನ ಗಂಗಳವನ್ನಿಟ್ಟಳು. ಅನ್ನ ಬಡಿಸಿದಳು. ಬಸಿದ ಸೊಪ್ಪಿನ ತಪ್ಪಲೆ ತಂದು, ಕಾಳು ಬೀಳದ ಹಾಗೆ ಬೆರಳಲ್ಲಿ ಆರಿಸಿ, ಸೊಪ್ಪನ್ನು ಹಿಂಡಿ, ಒಂದು ಹಿಡಿ ಹಾಕಿದಳು.

“ಕೂತ್ಕೋ.”

ಅಂಜನಮ್ಮ ಕೂತಳು.

“ಏನ್ ಹಾಕ್ಲಿ ಇದಕ್ಕೆ?”

“ಜೀರಿಗೆ ಮೆಣಸು ಹುರಿದು ಕುಟ್ಟಿ ಹಾಕಿ ಅತ್ತೆ. ಬೆಳ್ಳುಳ್ಳಿ ಕೆಂಪಗೆ ಕರೀರಿ. ನಿಂಬೆಹಣ್ಣಿದ್ರೆ ನಾಲ್ಕು ಹನಿ.”

ಒಲೆಯ ಕಡೆಯಿಂದ ಜೀರಿಗೆಯ ಘಮ ಬಂತು, ಆಮೇಲೆ ಕುಟ್ಟಾಣಿಯ ಸದ್ದು. ಕಂಬ ಬಿಟ್ಟು ಬಂದ ಬೈರಣ್ಣನೂ ಸೇರಿ, ಅಷ್ಟು ಹೊತ್ತೂ ಮೂರು ಗಂಗಳಗಳ ಮುಂದೆ ಮೂವರು ಕೂತಿದ್ದರು. ಚಿಕ್ಕಬೈರಪ್ಪ ಎದ್ದುಹೋಗಲು ಒಂದು ಕಾಲನ್ನು ಮಡಿಸಿ ನೆಲಕ್ಕೆ ಊರಿದ್ದ. ಮರಿಯಮ್ಮ ಬಂದು ಸೊಸೆಯ ಸೊಪ್ಪಿಗೆ ಪುಡಿ ಉದುರಿಸಿ, ಒಗ್ಗರಣೆ ಸುರಿದು, ನಿಂಬೆ ಹಿಂಡಿದಳು. ನಂತರ ಹಲಗೆಯಿಂದ ಇಳಿಸಿದ್ದ ಎರಡು ಲೋಟಗಳನ್ನು ತಂದು, ಒಂದನ್ನು ಗಂಡನ ಮುಂದೆ, ಒಂದನ್ನು ಮಗನ ಮುಂದೆ ಇಟ್ಟಳು.

“ಉಣ್ಣಿ,” ಅಂದಳು. “ಸತ್ವ ಎಲ್ಲ ಕಟ್ಟಲ್ಲೇ ಐತೆ.”

ಚಿಕ್ಕಬೈರಪ್ಪ ಎದ್ದ. ಹೆಗಲಿಗೆ ಟವೆಲ್ಲು ಹಾಕಿಕೊಂಡು, ಹಳದಿ ಕಲ್ಲಿನ ಹೊಲದ ಕಡೆಗೆ ನಡೆದ. ಅವನನ್ನು ಯಾರೂ ಕರೆಯಲಿಲ್ಲ. ಬೈರಣ್ಣ ಲೋಟ ಕೈಗೆತ್ತಿಕೊಂಡು ಒಂದು ಗುಟುಕು ಕುಡಿದ. ಮುಖ ಹಿಂಡಿದ.

“ಉಪ್ಪಿಲ್ಲ,” ಅಂದ.

ಮರಿಯಮ್ಮ ಸೊಂಟದಿಂದ ಬೀಗದ ಕೈ ಕಿತ್ತು ಅವನ ಗಂಗಳದ ಪಕ್ಕಕ್ಕೆ ಎಸೆದಳು. “ಪೆಟ್ಟಿಗೇಲೈತೆ. ಎದ್ದು ತಗೋ. ಇನ್ನ ಅದಕ್ಕೆ ಬೀಗ ಬೇಡ.”

ಅಂಜನಮ್ಮ ಬಲಗೈಯಲ್ಲಿ ಅನ್ನಕ್ಕೆ ಸೊಪ್ಪು ಕಲಸಿ ಮೊದಲ ತುತ್ತನ್ನು ಬಾಯಿಗಿಟ್ಟಳು. ಮೆಣಸಿನ ಖಾರ ಗಂಟಲಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಗಂಡ ಪೆಟ್ಟಿಗೆಯ ಹತ್ತಿರ ಬಗ್ಗಿ ಬೀಗಕ್ಕೆ ತಡಕಾಡುತ್ತಿದ್ದ. ಅವನು ಹಿಂದಿರುಗುವವರೆಗೂ ಅವಳು ಕಾಯಲಿಲ್ಲ. ಎರಡನೇ ತುತ್ತು ಕಲಸಿದಳು.